ಪಿಯಾನೊ ಕಲಿಸುವ ನಮ್ಮ ಹೆಣ್ಣುಮಕ್ಕಳು: ಹವ್ಯಾಸವೇ, ಸೇವೆಯೇ, ಉದ್ಯೋಗವೇ?

ನವೆಂಬರ್ 22 ಸಂತ ಸಿಸಿಲಿಯಾ ಅವರ ಹಬ್ಬ. ಕ್ರೈಸ್ತಸಭೆ ಇವರನ್ನು ಸಂಗೀತಗಾರರ ಪಾಲಕ ಸಂತರೆಂದು ಗೌರವಿಸುತ್ತದೆ. ಆ ದಿನ ಅಥವಾ ಅದರ ಆಸುಪಾಸಿನ ಆದಿತ್ಯವಾರ ನಮ್ಮ ಅನೇಕ ಧರ್ಮಕೇಂದ್ರಗಳಲ್ಲಿ ಗಾಯನ ವೃಂದದವರಿಗಾಗಿ ಪ್ರಾರ್ಥಿಸಿ, ಪೂಜೆಯ ಕೊನೆಗೆ ಒಂದೊಂದು ಗುಲಾಬಿ ಹೂ ಕೊಟ್ಟು, ಚಪ್ಪಾಳೆ ತಟ್ಟಿ ಕೃತಜ್ಞತೆ ಹೇಳುವ ರೂಢಿಯಿದೆ. ಹೂ ಪಡೆಯುವವರ ಸಾಲಿನಲ್ಲಿ ಕೀಬೋರ್ಡ್ ನುಡಿಸುವ ಯುವತಿಯೂ ನಿಂತಿರುತ್ತಾಳೆ. ಹಾಡುವವರಲ್ಲಿ ಒಬ್ಬಿಬ್ಬರು ಬಾರದಿದ್ದರೂ ಪೂಜೆ ಸಾಗುತ್ತದೆ, ಆದರೆ ಈಕೆ ಬಾರದ ದಿನ ಇಡೀ ಇಗರ್ಜಿಗೇ ಗೊತ್ತಾಗುತ್ತದೆ. ವಾರದ ಉಳಿದ ದಿನಗಳಲ್ಲಿ ಇದೇ ಯುವತಿ ಮನೆಯ ಮುಂದಿನ ಕೋಣೆಯಲ್ಲಿ ಕುಳಿತು ನೆರೆಕರೆಯ ಮಕ್ಕಳಿಗೆ ಪಿಯಾನೊ ಪಾಠ ಹೇಳಿಕೊಡುತ್ತಾಳೆ. ಮಕ್ಕಳ ಬಾಯಲ್ಲಿ ಆಕೆ ‘ಪಿಯಾನೊ ಮಿಸ್’. ಆದರೆ ಮಗಳು ಏನು ಮಾಡುತ್ತಿದ್ದಾಳೆ ಎಂದು ಯಾರಾದರೂ ಕೇಳಿದರೆ ಮನೆಯವರು ಕೊಡುವ ಉತ್ತರ, ‘ಸದ್ಯ ಮನೆಯಲ್ಲೇ ಇದ್ದಾಳೆ’ ಎಂದು.

ಆಕೆ ಮಾಡುತ್ತಿರುವುದು ಹವ್ಯಾಸವೇ, ದೇವರ ಸೇವೆಯೇ ಅಥವಾ ಉದ್ಯೋಗವೇ? ಈ ಕೆಲಸ ಯಾವ ರೀತಿಯದು, ನಮ್ಮ ಮನೆಗಳಿಗೂ ಇಗರ್ಜಿಗಳಿಗೂ ಅದು ಹೇಗೆ ಬಂತು, ಇದರ ಬಗ್ಗೆ ಕ್ರೈಸ್ತಸಭೆಯ ನಿಯಮ ಏನು ಹೇಳುತ್ತದೆ ಎಂಬುದನ್ನು ಧರ್ಮಕೇಂದ್ರದ ಕಾರ್ಯಕರ್ತರು ತಿಳಿದಿರುವುದು ಒಳ್ಳೆಯದೆಂದು ಈ ಲೇಖನ.

ಸಂಪ್ರದಾಯಸ್ಥ ಮನೆ ಎಂದರೆ ಏನೆಂದು ನಮ್ಮ ಓದುಗರಿಗೆ ವಿವರಿಸಬೇಕಾಗಿಲ್ಲ. ಸಂಜೆ ಏಳಕ್ಕೆ ತೇರ್ಸು, ಅಷ್ಟರೊಳಗೆ ಎಲ್ಲರೂ ಮನೆಯಲ್ಲಿರಬೇಕು. ಸಿನೆಮಾ ಹಾಡಿಗೆ ಹುಬ್ಬು ಗಂಟಿಕ್ಕುತ್ತದೆ, ವೇದಿಕೆಯ ಮೇಲಿನ ನೃತ್ಯಕ್ಕೆ ಒಪ್ಪಿಗೆ ಸಿಗುವುದಿಲ್ಲ, ಗಿಟಾರ್ ಏನಿದ್ದರೂ ಹುಡುಗರ ಪಾಲು. ಇಂತಹ ಮನೆಯಲ್ಲೂ ಮಗಳು ಪಿಯಾನೊ ಕಲಿಯುತ್ತೇನೆ ಎಂದರೆ ಬೇಡ ಎನ್ನುವವರು ಕಡಿಮೆ. ಅದು ಕುಳಿತು ನುಡಿಸುವ ವಾದ್ಯ, ಮನೆಯೊಳಗಿನ ವಾದ್ಯ, ದೇವರ ಹಾಡಿಗೆ ಒದಗುವ ವಾದ್ಯ. ಗಲ್ಫ್‌ನಲ್ಲಿ ದುಡಿಯುವ ಅಪ್ಪನೋ ಮಾವನೋ ರಜೆಗೆ ಬರುವಾಗ ಒಂದು ಕೀಬೋರ್ಡ್ ತಂದುಕೊಟ್ಟದ್ದು ಎಷ್ಟೋ ಮನೆಗಳ ಕಥೆ. ಕಲಿತವಳು ಮುಂದೆ ಕಲಿಸುತ್ತೇನೆ ಎಂದಾಗಲೂ ಅಡ್ಡಿ ಬರುವುದಿಲ್ಲ, ಏಕೆಂದರೆ ಮಕ್ಕಳೇ ಮನೆಗೆ ಬರುತ್ತಾರೆ, ಆಕೆ ಹೊರಗೆ ಹೋಗಬೇಕಾಗಿಲ್ಲ. ನಾಲ್ಕರಿಂದ ಆರೂವರೆಯ ತನಕ ಪಾಠ, ನಂತರ ತೇರ್ಸು.

ಈ ಶಿಸ್ತನ್ನು ನಾವು ಹಗುರವಾಗಿ ಕಾಣುವುದಿಲ್ಲ. ದಿನವೂ ಒಂದೇ ಹೊತ್ತಿಗೆ ಕುಳಿತು ಒಂದೇ ಪಾಠವನ್ನು ಇಪ್ಪತ್ತು ಸಲ ನುಡಿಸುವ ತಾಳ್ಮೆ ಇಂತಹ ಮನೆಗಳಲ್ಲಿ ಬೆಳೆದವರಿಗೆ ಸುಲಭವಾಗಿ ಬರುತ್ತದೆ. ಆದರೆ ಅನುಮತಿ ಸಿಕ್ಕಿದ ಕಾರಣವೇ ಆಮೇಲೆ ತೊಡಕಾಗುತ್ತದೆ. ಮನೆಯೊಳಗೆ ನಡೆಯುವ ಕೆಲಸ ಯಾರ ಕಣ್ಣಿಗೂ ಕೆಲಸವಾಗಿ ಕಾಣುವುದಿಲ್ಲ. ಮದುವೆಯ ಮಾತುಕತೆಯಲ್ಲಿ ‘ಹುಡುಗಿಗೆ ಪಿಯಾನೊ ಬರುತ್ತದೆ’ ಎನ್ನುವುದು ಒಂದು ಅಲಂಕಾರದ ಮಾತು. ಮದುವೆಯಾದ ಮೇಲೂ ಆಕೆ ಪಾಠ ಮುಂದುವರಿಸುವಳೇ ಎಂದು ಕೇಳುವವರು ವಿರಳ.

ಇದು ನಮ್ಮ ಊರಿನ ಕಥೆ ಮಾತ್ರವಲ್ಲ. 19ನೆಯ ಶತಮಾನದ ಯುರೋಪಿನಲ್ಲೂ ಮಧ್ಯಮ ವರ್ಗದ ಅವಿವಾಹಿತ ಹೆಣ್ಣುಮಕ್ಕಳಿಗೆ ಮರ್ಯಾದೆಯ ದುಡಿಮೆ ಎಂದು ಸಮಾಜ ಒಪ್ಪಿದ್ದ ಕೆಲವೇ ಕೆಲಸಗಳಲ್ಲಿ ಸಂಗೀತ ಪಾಠ ಒಂದಾಗಿತ್ತು. ಇಂಗ್ಲೆಂಡಿನ ನಾರಿಚ್ ನಗರದಲ್ಲಿ ಸಾರಾ ಗ್ಲೋವರ್ ಎಂಬ ಪಾದ್ರಿಯ ಮಗಳಿದ್ದರು. ಹುಟ್ಟಿದ್ದು 1786ರಲ್ಲಿ. ಇಗರ್ಜಿಯ ಮಕ್ಕಳಿಗೆ ಕೀರ್ತನೆ ಕಲಿಸಲು ಅವರು ದೊ, ರೆ, ಮಿ ಸ್ವರಗಳನ್ನು ಅಕ್ಷರಗಳಲ್ಲಿ ಬರೆಯುವ ಸರಳ ಕ್ರಮವನ್ನು ರೂಪಿಸಿ 1835ರಲ್ಲಿ ಪುಸ್ತಕವಾಗಿ ಪ್ರಕಟಿಸಿದರು. ಜಾನ್ ಕರ್ವನ್ ಎಂಬ ಬೋಧಕರು 1840ರ ದಶಕದಲ್ಲಿ ಅದನ್ನೇ ತಿದ್ದಿ ಬೆಳೆಸಿ ಜಗತ್ತಿಗೆಲ್ಲ ಹರಡಿದರು. ದಕ್ಷಿಣ ಭಾರತದ ಅನೇಕ ಚರ್ಚುಗಳ ಗಾಯನ ವೃಂದಗಳು ಬಳಸುವ ‘ಟಾನಿಕ್ ಸೋಲ್ಫಾ’ ಇದೇ. ಹೆಸರು ಹೆಚ್ಚಾಗಿ ಬಂದದ್ದು ಕರ್ವನ್ ಅವರಿಗೆ. ಪಾದ್ರಿಯ ಮಗಳ ಹೆಸರು ಹಾಡುವವರಲ್ಲಿ ಎಷ್ಟು ಮಂದಿಗೆ ಗೊತ್ತು?

ನಮ್ಮ ಕರಾವಳಿಗೆ ಬರೋಣ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಶನ್‌ನವರು ಜರ್ಮನ್ ಕೀರ್ತನೆಗಳ ರಾಗಗಳನ್ನು ತಂದು ಕನ್ನಡದ ಮಾತುಗಳಿಗೆ ಹೊಂದಿಸಿದರು. ನಾಲ್ಕು ಧ್ವನಿಗಳಲ್ಲಿ ಹಾಡುವ ಆ ಪದ್ಧತಿ ಪ್ರೊಟೆಸ್ಟಂಟ್ ಸಹೋದರರ ಮನೆಗಳಲ್ಲಿ ಇಂದಿಗೂ ಉಳಿದಿದೆ. ಕಥೋಲಿಕರಲ್ಲಿ ಹೆಣ್ಣುಮಕ್ಕಳ ಶಿಕ್ಷಣಕ್ಕೆ ದೊಡ್ಡ ತಿರುವು ಬಂದದ್ದು 1870ರ ನವೆಂಬರ್ 19ರಂದು, ಅಪೊಸ್ತಲಿಕ್ ಕಾರ್ಮೆಲ್ ಸಭೆಯ ಮೊದಲ ಧರ್ಮಭಗಿನಿಯರು ಮಂಗಳೂರಿಗೆ ಬಂದಾಗ. ಆ ಸಭೆಯನ್ನು ಸ್ಥಾಪಿಸಿದ ಮದರ್ ವೆರೋನಿಕಾ ಅವರ ಜನ್ಮನಾಮ ಸೋಫಿ ಲೀವ್ಸ್. 1823ರಲ್ಲಿ ಕಾನ್‌ಸ್ಟಾಂಟಿನೋಪಲ್‌ನಲ್ಲಿ ಆಂಗ್ಲಿಕನ್ ಪಾದ್ರಿಯೊಬ್ಬರ ಮಗಳಾಗಿ ಹುಟ್ಟಿದ ಅವರು 1850ರಲ್ಲಿ ಮಾಲ್ಟಾದಲ್ಲಿ ಕಥೋಲಿಕ ಸಭೆಯನ್ನು ಸೇರಿದರು. ಬಹಳ ಧರ್ಮನಿಷ್ಠ ಮನೆಯಿಂದ ಬಂದ ಹೆಣ್ಣುಮಗಳು ತನ್ನ ದಾರಿಯನ್ನು ತಾನೇ ಆರಿಸಿಕೊಂಡದ್ದಕ್ಕೆ ನಮ್ಮ ಕರಾವಳಿಯೇ ಋಣಿಯಾಗಿದೆ. 2014ರಲ್ಲಿ ಕ್ರೈಸ್ತಸಭೆ ಅವರನ್ನು ‘ಪೂಜ್ಯ’ರೆಂದು ಘೋಷಿಸಿತು.

ಕಾನ್ವೆಂಟ್‌ಗಳ ಪಿಯಾನೊ ಕೋಣೆಯಿಂದ ಯಾರು ಯಾರು ಹೊರಬಂದರು ಎಂದು ಕೇಳಿದರೆ ಕರ್ನಾಟಕದಲ್ಲಿ ಒಂದು ಸೊಗಸಾದ ಉತ್ತರವಿದೆ. ಮೈಸೂರಿನ ಕೊನೆಯ ಮಹಾರಾಜ ಜಯಚಾಮರಾಜ ಒಡೆಯರ್ ಅವರಿಗೆ ಪಾಶ್ಚಾತ್ಯ ಸಂಗೀತದ ಪಾಠ ಆರಂಭವಾದದ್ದು ಮೈಸೂರಿನ ಗುಡ್ ಶೆಫರ್ಡ್ ಕಾನ್ವೆಂಟ್‌ನ ಧರ್ಮಭಗಿನಿಯರಿಂದ. ಮುಂದೆ ಅವರು 1945ರಲ್ಲಿ ಲಂಡನ್ನಿನ ಗಿಲ್ಡ್‌ಹಾಲ್ ಸಂಗೀತ ಶಾಲೆಯ ಲೈಸೆನ್ಷಿಯೇಟ್ ಆದರು, ಟ್ರಿನಿಟಿ ಸಂಗೀತ ಕಾಲೇಜಿನ ಗೌರವ ಫೆಲೋ ಆದರು. ರಷ್ಯದ ಸಂಗೀತಕಾರ ನಿಕೊಲಾಯ್ ಮೆಟ್ನರ್ ಕಷ್ಟದಲ್ಲಿದ್ದಾಗ ಅವರ ಕೃತಿಗಳನ್ನು ಧ್ವನಿಮುದ್ರಿಸಲು ಹಣ ಕೊಟ್ಟವರು ಇದೇ ಮಹಾರಾಜರು. 1950ರ ಮೇ 22ರಂದು ಲಂಡನ್ನಿನಲ್ಲಿ ರಿಚರ್ಡ್ ಸ್ಟ್ರೌಸ್ ಅವರ ಕೊನೆಯ ನಾಲ್ಕು ಗೀತೆಗಳ ಪ್ರಥಮ ಗಾಯನ ನಡೆದದ್ದೂ ಇವರ ನೆರವಿನಿಂದ. ಮೈಸೂರಿನ ಕಾನ್ವೆಂಟ್ ಒಂದರಲ್ಲಿ ಬೆರಳು ಹಿಡಿದು ಕಲಿಸಿದ ಪಾಠ ಎಲ್ಲಿಯ ತನಕ ತಲುಪಿತು ನೋಡಿ.

ಇಗರ್ಜಿಯ ಬಾಗಿಲು ತೆರೆದ ಬಗೆ

ಇಂದು ಕೀಬೋರ್ಡಿನ ಮುಂದೆ ಯುವತಿ ಕುಳಿತಿರುವುದು ಸಹಜವೆನಿಸುತ್ತದೆ. ಆದರೆ ನೂರ ಇಪ್ಪತ್ತು ವರ್ಷಗಳ ಹಿಂದೆ ಕ್ರೈಸ್ತಸಭೆಯ ನಿಯಮದಲ್ಲಿ ಆಕೆಗೂ ಸ್ಥಾನವಿರಲಿಲ್ಲ, ಆಕೆಯ ವಾದ್ಯಕ್ಕೂ ಇರಲಿಲ್ಲ. ಪೋಪ್ ಹತ್ತನೆಯ ಪಿಯುಸ್ ಅವರು 1903ರ ನವೆಂಬರ್ 22ರಂದು, ಅಂದರೆ ಸಂತ ಸಿಸಿಲಿಯಾ ಹಬ್ಬದ ದಿನವೇ, ಪವಿತ್ರ ಸಂಗೀತದ ಬಗ್ಗೆ ಒಂದು ಆದೇಶಪತ್ರ ಹೊರಡಿಸಿದರು. ಆ ಕಾಲದಲ್ಲಿ ಇಟಲಿಯ ಇಗರ್ಜಿಗಳಿಗೆ ನಾಟಕಶಾಲೆಯ ಸಂಗೀತ ನುಗ್ಗಿತ್ತು. ಅದನ್ನು ತಡೆದು ಗ್ರೆಗೋರಿಯನ್ ಗಾನಕ್ಕೆ ಮೊದಲ ಸ್ಥಾನ ಕೊಡುವುದು ಪತ್ರದ ಉದ್ದೇಶ. ಅದೇ ಪತ್ರದಲ್ಲಿ ಇಗರ್ಜಿಯೊಳಗೆ ಪಿಯಾನೊ ನುಡಿಸುವುದನ್ನು ನಿಷೇಧಿಸಲಾಯಿತು. ಗಾಯಕರದು ದೈವಾರಾಧನೆಯ ಅಧಿಕೃತ ಸೇವೆ, ಆದುದರಿಂದ ಸ್ತ್ರೀಯರು ಗಾಯನ ವೃಂದದ ಭಾಗವಾಗುವಂತಿಲ್ಲ, ಎತ್ತರದ ಧ್ವನಿಗಳಿಗೆ ಬಾಲಕರನ್ನು ಬಳಸಬೇಕು ಎಂದೂ ಹೇಳಲಾಯಿತು.

ಇದೇ ಹೊತ್ತಿಗೆ ಪ್ಯಾರಿಸ್‌ನಲ್ಲಿ ಏನಾಗುತ್ತಿತ್ತು ಎಂಬುದನ್ನು ನೆನೆದರೆ ಸೋಜಿಗವಾಗುತ್ತದೆ. ತಂದೆಯನ್ನು ಕಳೆದುಕೊಂಡಿದ್ದ ನಾದಿಯಾ ಬುಲಾಂಜೆ ಎಂಬ ಕಟ್ಟಾ ಕಥೋಲಿಕ ಹುಡುಗಿ 1904ರಲ್ಲಿ, ಇನ್ನೂ ಹದಿಹರೆಯದಲ್ಲೇ, ತಾಯಿ ಮತ್ತು ತಂಗಿಯೊಂದಿಗೆ ವಾಸವಿದ್ದ ಮನೆಯಲ್ಲಿ ಸಂಗೀತ ಪಾಠ ಆರಂಭಿಸಿದರು. 1979ರಲ್ಲಿ ತೀರಿಕೊಳ್ಳುವ ತನಕವೂ ಕಲಿಸಿದರು. ಅಮೆರಿಕದ ಆರನ್ ಕೋಪ್ಲಂಡ್, ಅರ್ಜೆಂಟೀನಾದ ಆಸ್ಟರ್ ಪಿಯಾಜೊಲ್ಲಾ ಮುಂತಾದವರೆಲ್ಲ ಇವರ ಬಳಿ ಕಲಿತವರು.

ನಿಯಮ ಬದಲಾದದ್ದು ಮೆಟ್ಟಿಲು ಮೆಟ್ಟಿಲಾಗಿ. 1955ರಲ್ಲಿ ಪೋಪ್ ಹನ್ನೆರಡನೆಯ ಪಿಯುಸ್ ಅವರು, ಬಾಲಕರು ಸಾಕಷ್ಟು ಸಿಗದ ಕಡೆ ಸ್ತ್ರೀಯರೂ ಹುಡುಗಿಯರೂ ಬಲಿಪೀಠದ ಆವರಣದ ಹೊರಗೆ ನಿಂತು ಹಾಡಬಹುದೆಂದು ಒಪ್ಪಿದರು. 1963ರ ಡಿಸೆಂಬರ್ 4ರಂದು ದ್ವಿತೀಯ ವ್ಯಾಟಿಕನ್ ಮಹಾಸಭೆ ಹೊರಡಿಸಿದ ದೈವಾರಾಧನೆಯ ಸಂವಿಧಾನವು ಪೈಪ್ ಆರ್ಗನ್‌ಗೆ ವಿಶೇಷ ಗೌರವವನ್ನು ಉಳಿಸಿಕೊಂಡೇ, ಪೂಜೆಗೆ ಯೋಗ್ಯವಾದ ಬೇರೆ ವಾದ್ಯಗಳನ್ನು ಆಯಾ ಪ್ರದೇಶದ ಅಧಿಕಾರಿಗಳ ಒಪ್ಪಿಗೆಯಿಂದ ಬಳಸಬಹುದೆಂದಿತು. ಗಾಯನ ವೃಂದದವರು ಮಾಡುವುದು ನಿಜವಾದ ದೈವಾರಾಧನಾ ಸೇವೆ ಎಂಬ ಮಾತೂ ಅದರಲ್ಲಿದೆ, ಈ ಸಲ ಸ್ತ್ರೀಯರನ್ನು ಹೊರಗಿಡದೆ. ಸಂಗೀತ ಕಲಿಸುವವರನ್ನು ಶ್ರದ್ಧೆಯಿಂದ ತರಬೇತುಗೊಳಿಸಬೇಕೆಂದೂ ಮಹಾಸಭೆ ಸೂಚಿಸಿದೆ. ಈ ಸೂಚನೆ ನಮ್ಮಲ್ಲಿ ಎಷ್ಟರ ಮಟ್ಟಿಗೆ ಕಾರ್ಯಗತವಾಗಿದೆ ಎಂಬುದನ್ನು ಪ್ರತಿಯೊಂದು ಧರ್ಮಕೇಂದ್ರವೂ ಕೇಳಿಕೊಳ್ಳಬಹುದು.

ಕಲಿಸುವುದೆಂದರೆ ಏನು?

ಪಿಯಾನೊ ಪಾಠವನ್ನು ಹೊರಗಿನಿಂದ ನೋಡಿದವರಿಗೆ ಅದು ಮಗುವಿನ ಪಕ್ಕ ಕುಳಿತು ಕಾಲ ಕಳೆದಂತೆ ಕಾಣಬಹುದು. ಒಳಗೆ ನಡೆಯುವುದು ಬೇರೆ. ಮೊದಲ ಕೆಲವು ವಾರ ಕುಳಿತುಕೊಳ್ಳುವ ಬಗೆಯೇ ಪಾಠ. ಬೆನ್ನು ನೆಟ್ಟಗಿರಬೇಕು, ಮೊಣಕೈ ಕೀಲಿಗಳ ಮಟ್ಟದಲ್ಲಿರಬೇಕು, ಅಂಗೈಯೊಳಗೆ ಸಣ್ಣ ಕಿತ್ತಳೆ ಹಿಡಿದಂತೆ ಬೆರಳು ಬಾಗಿರಬೇಕು. ಹೆಬ್ಬೆರಳು ಒಂದು, ಕಿರುಬೆರಳು ಐದು. ಎರಡೂ ಕೈಗಳಿಗೂ ಇದೇ ಎಣಿಕೆ. ಆಮೇಲೆ ಬಲಗೈಗೆ ಒಂದು ಸಾಲು, ಎಡಗೈಗೆ ಇನ್ನೊಂದು ಸಾಲು, ಕಣ್ಣು ಎರಡನ್ನೂ ಒಟ್ಟಿಗೆ ಓದಬೇಕು, ಕಿವಿ ಎರಡನ್ನೂ ಬೇರೆ ಬೇರೆಯಾಗಿ ಕೇಳಬೇಕು. ಏಳು ವರ್ಷದ ಮಗುವಿಗೆ ಇದು ಸಣ್ಣ ಕೆಲಸವಲ್ಲ. ಎಲ್ಲಿ ತಡೆಯಬೇಕು, ಎಲ್ಲಿ ತಪ್ಪನ್ನು ಕಂಡೂ ಕಾಣದಂತೆ ಮುಂದೆ ಬಿಡಬೇಕು ಎಂದು ತಿಳಿದಿರುವುದೇ ಟೀಚರ್‌ನ ವಿದ್ಯೆ. ಅದು ಪುಸ್ತಕದಲ್ಲಿ ಸಿಗುವುದಿಲ್ಲ.

ಪಿಯಾನೊ ಮತ್ತು ಕೀಬೋರ್ಡ್ ಒಂದೇ ಎಂದು ತಿಳಿದವರು ನಮ್ಮಲ್ಲಿ ಬಹಳ ಮಂದಿ. ಪಿಯಾನೊದಲ್ಲಿ 88 ಕೀಲಿಗಳು: 52 ಬಿಳಿ, 36 ಕಪ್ಪು. ಕೀಲಿ ಒತ್ತಿದಾಗ ಒಳಗಿನ ಉಣ್ಣೆಯ ಸುತ್ತಿಗೆಯೊಂದು ತಂತಿಗೆ ಹೊಡೆಯುತ್ತದೆ. ಒತ್ತಿದ ಬಲಕ್ಕೆ ತಕ್ಕಂತೆ ನಾದ ಮೆಲ್ಲಗೆ ಅಥವಾ ಜೋರಾಗಿ ಬರುತ್ತದೆ. 1700ರ ಸುಮಾರಿಗೆ ಇಟಲಿಯ ಫ್ಲಾರೆನ್ಸ್‌ನಲ್ಲಿ ಬಾರ್ತೊಲೊಮಿಯೊ ಕ್ರಿಸ್ತೊಫೊರಿ ಕಂಡುಹಿಡಿದ ಈ ಉಪಾಯವೇ ವಾದ್ಯದ ಹೆಸರಿಗೆ ಮೂಲ, ಇಟಾಲಿಯನ್ ಭಾಷೆಯಲ್ಲಿ ಪಿಯಾನೊ ಎಂದರೆ ಮೆಲ್ಲಗೆ ಎಂದೇ ಅರ್ಥ. ನಮ್ಮ ಮನೆಗಳ ಸಾಮಾನ್ಯ ಕೀಬೋರ್ಡ್‌ಗಳಲ್ಲಿ ಇರುವುದು 61 ಕೀಲಿಗಳು, ಅವು ಹಗುರವಾದವು. ಅದರಲ್ಲೇ ಕಲಿತ ಮಗು ನಿಜವಾದ ಪಿಯಾನೊದ ಮುಂದೆ ಕುಳಿತರೆ ಬೆರಳು ಸೋಲುತ್ತದೆ. ಇಗರ್ಜಿಯ ಆರ್ಗನ್‌ನದು ಇನ್ನೊಂದು ರೀತಿ. ಅಲ್ಲಿ ಕೀಲಿ ಒತ್ತಿ ಹಿಡಿದಷ್ಟು ಹೊತ್ತೂ ನಾದ ನಿಲ್ಲುತ್ತದೆ, ಪಿಯಾನೊದಲ್ಲಿ ಹುಟ್ಟಿದ ಕೂಡಲೇ ಕರಗತೊಡಗುತ್ತದೆ. ಆದುದರಿಂದಲೇ ಚೆನ್ನಾಗಿ ಪಿಯಾನೊ ನುಡಿಸುವವರೂ ಪೂಜೆಗೆ ನುಡಿಸುವ ಮೊದಲು ಬೇರೆಯಾಗಿ ಅಭ್ಯಾಸ ಮಾಡಬೇಕಾಗುತ್ತದೆ.

ನಿಜವಾದ ಪಿಯಾನೊ ಇರುವ ಮನೆಯವರಿಗೆ ನಮ್ಮ ಕರಾವಳಿಯ ಹವೆಯೇ ಶತ್ರು. ಒಂದು ಪಿಯಾನೊದಲ್ಲಿ 200ಕ್ಕೂ ಹೆಚ್ಚು ತಂತಿಗಳಿದ್ದು, ಅವುಗಳ ಒಟ್ಟು ಬಿಗಿತ 15 ಟನ್‌ಗೂ ಮಿಕ್ಕುತ್ತದೆ. ಜೂನ್‌ನಿಂದ ಸೆಪ್ಟೆಂಬರ್ ತನಕದ ಮಳೆಗಾಲದಲ್ಲಿ ಮರ ತೇವ ಹೀರಿ ಉಬ್ಬುತ್ತದೆ, ಕೀಲಿ ಒತ್ತಿದರೆ ಮೇಲೇಳುವುದಿಲ್ಲ, ತಂತಿ ತುಕ್ಕು ಹಿಡಿಯುತ್ತದೆ, ಶ್ರುತಿ ಕೆಡುತ್ತದೆ. ಶ್ರುತಿ ಮಾಡುವವರು ಊರಲ್ಲಿ ಸಿಗುವುದಿಲ್ಲ, ದೂರದಿಂದ ಕರೆಸಬೇಕು. ಹಿಂದಿನವರು ಒಳಗೆ ಸಣ್ಣ ಬಲ್ಬೊಂದನ್ನು ಉರಿಸಿಟ್ಟು ತೇವ ಓಡಿಸುತ್ತಿದ್ದರು. ಪಿಯಾನೊ ಮೇಲೆ ಬಾಲಯೇಸುವಿನ ಪ್ರತಿಮೆ, ಪಕ್ಕದಲ್ಲಿ ನೀರು ತುಂಬಿದ ಹೂದಾನಿ ಇಡುವುದು ನಮ್ಮ ಮನೆಗಳಲ್ಲಿ ಭಕ್ತಿಯ ಲಕ್ಷಣ. ಪ್ರತಿಮೆ ಇರಲಿ, ಹೂದಾನಿಯನ್ನಾದರೂ ಬೇರೆ ಕಡೆ ಇಡಿ.

ಪಾಠದ ಮಟ್ಟ ಅಳೆಯಲು ಲಂಡನ್ನಿನ ಎರಡು ಸಂಸ್ಥೆಗಳ ಗ್ರೇಡ್ ಪರೀಕ್ಷೆಗಳು ನಮ್ಮಲ್ಲಿ ಬಳಕೆಯಲ್ಲಿವೆ: 1889ರಲ್ಲಿ ಆರಂಭವಾದ ಅಸೋಸಿಯೇಟೆಡ್ ಬೋರ್ಡ್ ಮತ್ತು ಟ್ರಿನಿಟಿ ಕಾಲೇಜ್. ಎರಡರಲ್ಲೂ ಒಂದರಿಂದ ಎಂಟರವರೆಗೆ ಗ್ರೇಡ್‌ಗಳು. ಬೋರ್ಡಿನ ಸಾಂಪ್ರದಾಯಿಕ ಪರೀಕ್ಷೆಯಲ್ಲಿ ಮೂರು ಕೃತಿಗಳನ್ನು ನುಡಿಸಬೇಕು, ಸ್ವರಶ್ರೇಣಿಗಳನ್ನು ನುಡಿಸಬೇಕು, ಹಿಂದೆಂದೂ ನೋಡದ ತುಣುಕನ್ನು ಅಲ್ಲೇ ಓದಿ ನುಡಿಸಬೇಕು, ಕಿವಿಯ ಪರೀಕ್ಷೆಗೂ ಉತ್ತರಿಸಬೇಕು. ಒಟ್ಟು 150 ಅಂಕಗಳಲ್ಲಿ 100 ಬಂದರೆ ಉತ್ತೀರ್ಣ, 130 ಬಂದರೆ ಡಿಸ್ಟಿಂಕ್ಷನ್. ಟ್ರಿನಿಟಿಯಲ್ಲಿ 100ಕ್ಕೆ 60 ಸಾಕು. ಪರೀಕ್ಷೆಗೆ ಸಿದ್ಧಪಡಿಸುವ ಟೀಚರ್ ಪ್ರತಿ ವಿದ್ಯಾರ್ಥಿಯ ಮೇಲೆ ತಿಂಗಳುಗಟ್ಟಲೆ ದುಡಿಯುತ್ತಾಳೆ. ಪ್ರಮಾಣಪತ್ರ ಬಂದಾಗ ಮನೆಯವರು ಕೇಕ್ ಹಂಚುತ್ತಾರೆ. ಟೀಚರ್‌ನ ಶುಲ್ಕ ನೂರು ರೂಪಾಯಿ ಹೆಚ್ಚಾದರೆ ಮಾತ್ರ ಮುಖ ಬಾಡುತ್ತದೆ!

ಟೀಚರ್‌ಗಳು ಕರಾವಳಿಯಲ್ಲೂ ಬೆಂಗಳೂರಿನಲ್ಲೂ ಹೆಚ್ಚು. 1987ರಲ್ಲಿ ಆರಂಭವಾದ ಬೆಂಗಳೂರು ಸ್ಕೂಲ್ ಆಫ್ ಮ್ಯೂಸಿಕ್‌ನಂತಹ ಸಂಸ್ಥೆಗಳು ಇರುವುದೂ ರಾಜಧಾನಿಯಲ್ಲೇ. ಘಟ್ಟ ಹತ್ತಿ ಬಯಲುಸೀಮೆಗೆ ಹೋದರೆ ಪರಿಸ್ಥಿತಿ ಬೇರೆ. ಚಿತ್ರದುರ್ಗ ಜಿಲ್ಲೆ 1988ರಲ್ಲಿ ರಚನೆಯಾದ ಶಿವಮೊಗ್ಗ ಧರ್ಮಪ್ರಾಂತ್ಯಕ್ಕೆ ಸೇರುತ್ತದೆ. ಅಲ್ಲಿನ ಚಳ್ಳಕೆರೆ ಸೀಮೆಯ ವರವು ಕಾವಲ್ ಒಂದು ಕಾಲಕ್ಕೆ ದನಗಳ ಹುಲ್ಲುಗಾವಲು. 2017ರಲ್ಲಿ ಅಲ್ಲಿ ರಕ್ಷಣಾ ಸಂಶೋಧನಾ ಸಂಸ್ಥೆಯ ವಿಮಾನ ಪರೀಕ್ಷಾ ನೆಲೆ ಉದ್ಘಾಟನೆಯಾಯಿತು. ಅಂತಹ ಕಡೆಗೆ ನೌಕರಿಗೆಂದು ಹೋಗುವ ಕುಟುಂಬದ ಮಗು ಪಿಯಾನೊ ಮುಂದುವರಿಸಬೇಕಾದರೆ ಬೆಂಗಳೂರು ಸುಮಾರು 200 ಕಿಲೋಮೀಟರ್. 2020ರ ಕೊರೊನಾ ಕಾಲದ ನಂತರ ಬಳಕೆಗೆ ಬಂದ ಆನ್‌ಲೈನ್ ಪಾಠ ಇಲ್ಲಿ ನೆರವಿಗೆ ಬರುತ್ತದೆ. ಅದೇ ವರ್ಷ ಅಸೋಸಿಯೇಟೆಡ್ ಬೋರ್ಡ್ ವೀಡಿಯೊ ಕಳುಹಿಸಿ ಬರೆಯುವ ಪರೀಕ್ಷೆಯನ್ನೂ ಆರಂಭಿಸಿತು. ಫೋನನ್ನು ಬದಿಯಲ್ಲಿಟ್ಟರೆ ಬೆರಳು ಕಾಣುತ್ತದೆ. ಆದರೆ ಧ್ವನಿ ಕ್ಷಣಕಾಲ ತಡವಾಗಿ ತಲುಪುವುದರಿಂದ ಇಬ್ಬರೂ ಜೊತೆಯಾಗಿ ನುಡಿಸಲಾಗುವುದಿಲ್ಲ, ಮಗುವಿನ ಮಣಿಕಟ್ಟನ್ನು ಹಿಡಿದು ಸಡಿಲಿಸಲೂ ಆಗುವುದಿಲ್ಲ. ಹೀಗಿದ್ದರೂ ಸಂಪ್ರದಾಯಸ್ಥ ಮನೆಯ ಯುವತಿಗೆ ಇದು ಹೊಸ ಬಾಗಿಲು. ಮನೆಯ ಕೋಣೆಯಲ್ಲೇ ಕುಳಿತು ಚಳ್ಳಕೆರೆಗೂ ಕುವೈಟಿಗೂ ಪಾಠ ಹೇಳಬಹುದು.

ಪೂಜೆಗೆ ನುಡಿಸುವವರಿಗೆ

ವಾದ್ಯ ಬಂದ ಮಾತ್ರಕ್ಕೆ ಪೂಜೆಗೆ ನುಡಿಸಲು ಬಂದಂತಲ್ಲ. ವಾದ್ಯಗಾರರಿಗೆ ಕೈಚಳಕ ಮಾತ್ರ ಸಾಲದು, ದೈವಾರಾಧನೆಯ ಮನೋಭಾವವನ್ನು ಅವರು ಚೆನ್ನಾಗಿ ಅರಿತಿರಬೇಕು ಎಂದು 1967ರ ಪವಿತ್ರ ಸಂಗೀತದ ನಿರ್ದೇಶನ ಹೇಳುತ್ತದೆ. ನಮ್ಮಲ್ಲಿ ಹೆಚ್ಚಾಗಿ ಕಾಣುವ ತಪ್ಪೊಂದಿದೆ. ಗುರುಗಳು ಪ್ರಾರ್ಥನೆ ಹೇಳುತ್ತಿರುವಾಗ, ವಿಶೇಷವಾಗಿ ರೊಟ್ಟಿ ಮತ್ತು ದ್ರಾಕ್ಷಾರಸದ ಅರ್ಪಣೆಯ ಮಹಾಪ್ರಾರ್ಥನೆಯ ವೇಳೆ, ಹಿನ್ನೆಲೆಯಲ್ಲಿ ಮೆಲ್ಲಗೆ ಕೀಬೋರ್ಡ್ ನುಡಿಸುವುದು. ಕೇಳಲು ಹಿತವಾಗಿರಬಹುದು, ಆದರೆ ಆ ಹೊತ್ತಿನಲ್ಲಿ ಆರ್ಗನ್ ಮತ್ತಿತರ ವಾದ್ಯಗಳು ಮೌನವಾಗಿರಬೇಕೆಂಬುದು ನಿಯಮ. ತಪಸ್ಸುಕಾಲದಲ್ಲಿ ಹಾಡಿಗೆ ಆಧಾರವಾಗಿ ಮಾತ್ರ ವಾದ್ಯ ಬಳಸಬೇಕು, ವಾದ್ಯವನ್ನಷ್ಟೇ ನುಡಿಸುವಂತಿಲ್ಲ. ತಪಸ್ಸುಕಾಲದ ನಾಲ್ಕನೆಯ ಆದಿತ್ಯವಾರ ಮತ್ತು ಹಬ್ಬಗಳು ಇದಕ್ಕೆ ಹೊರತು. ಆಗಮನ ಕಾಲದಲ್ಲಿಯೂ ಮಿತಿ ಬೇಕು. ಇದನ್ನೆಲ್ಲ ಆ ಯುವತಿಗೆ ಯಾರೂ ಕುಳ್ಳಿರಿಸಿ ಹೇಳಿಕೊಡುವುದಿಲ್ಲ. ತಪ್ಪಾದಾಗ ಮಾತ್ರ ಸಕ್ರಿಸ್ತಿಯಲ್ಲಿ ಬೈಗುಳ ಕಾದಿರುತ್ತದೆ.

ಈಗ ಎಲ್ಲರೂ ಮಾತನಾಡಲು ಹಿಂಜರಿಯುವ ಹಣದ ವಿಷಯಕ್ಕೆ ಬರೋಣ. ‘ದೇವರ ಕೆಲಸಕ್ಕೂ ದುಡ್ಡೇ?’ ಎಂಬ ಪ್ರಶ್ನೆ ಧರ್ಮಕೇಂದ್ರದಲ್ಲಿ ಹುಟ್ಟುವುದಕ್ಕಿಂತ ಮೊದಲು ಆಕೆಯ ಮನೆಯಲ್ಲೇ ಹುಟ್ಟುತ್ತದೆ. ಮಗಳು ಇಗರ್ಜಿಯಿಂದ ಹಣ ಪಡೆದಳು ಎಂದರೆ ಅಪ್ಪ ಅಮ್ಮನಿಗೆ ನಾಚಿಕೆ. ಆದರೆ 1983ರ ಧರ್ಮಸಭಾ ಕಾನೂನು ಸಂಹಿತೆಯ 231ನೆಯ ವಿಧಿಯನ್ನು ಓದಿ ನೋಡಬೇಕು. ಕ್ರೈಸ್ತಸಭೆಯ ವಿಶೇಷ ಸೇವೆಗೆ ಶಾಶ್ವತವಾಗಿ ಅಥವಾ ಸ್ವಲ್ಪ ಕಾಲ ತಮ್ಮನ್ನು ಮುಡಿಪಾಗಿಡುವ ಶ್ರೀಸಾಮಾನ್ಯ ವಿಶ್ವಾಸಿಗಳು ಅದಕ್ಕೆ ಬೇಕಾದ ತರಬೇತಿ ಪಡೆಯಬೇಕು ಎಂದು ಅದು ಹೇಳುತ್ತದೆ. ತಮ್ಮ ಸ್ಥಿತಿಗೆ ತಕ್ಕಂತೆ, ತಮ್ಮ ಮತ್ತು ಕುಟುಂಬದ ಅಗತ್ಯಗಳನ್ನು ಪೂರೈಸಲು ಸಾಕಾಗುವ ನ್ಯಾಯವಾದ ಸಂಭಾವನೆಗೆ ಅವರಿಗೆ ಹಕ್ಕಿದೆ ಎಂದೂ ಹೇಳುತ್ತದೆ. ಹಕ್ಕು ಎಂಬ ಪದವೇ ಅಲ್ಲಿರುವುದು, ದಾನವಲ್ಲ.

ಆದಿತ್ಯವಾರ ಒಂದು ಪೂಜೆಗೆ ಪ್ರೀತಿಯಿಂದ ಬಂದು ನುಡಿಸುವವರೆಲ್ಲರಿಗೂ ಈ ವಿಧಿ ಸಂಬಳ ಕೊಡಿಸುತ್ತದೆ ಎಂದು ಅರ್ಥವಲ್ಲ. ಹಾಡುವವರು ಉಚಿತವಾಗಿ ಹಾಡುವಂತೆ ನುಡಿಸುವವರೂ ಉಚಿತವಾಗಿ ನುಡಿಸಬಹುದು, ಅದು ಅವರ ಉದಾರತೆ. ಆದರೆ ವಾರಕ್ಕೆ ಮೂರು ಸಂಜೆ ಗಾಯನ ವೃಂದಕ್ಕೆ ಅಭ್ಯಾಸ ಮಾಡಿಸುವುದು, ಸಭಾಭವನದಲ್ಲಿ ಧರ್ಮಕೇಂದ್ರದ ಮಕ್ಕಳಿಗೆ ಪಾಠ ಹೇಳುವುದು, ನೊವೆನಾದ ಒಂಬತ್ತು ದಿನವೂ ತಪ್ಪದೆ ಬರುವುದು ಬೇರೆಯ ಮಾತು. ಅದು ಉದ್ಯೋಗ. ಮದುವೆಯ ಪೂಜೆಯನ್ನೇ ನೋಡಿ. ಹೂವಿನ ಅಲಂಕಾರದವರಿಗೆ, ವೀಡಿಯೊದವರಿಗೆ, ಸಭಾಂಗಣದ ಬ್ಯಾಂಡಿಗೆ ಮುಂಗಡ ಹಣ ಕೊಟ್ಟು ಬುಕ್ ಮಾಡುತ್ತೇವೆ. ಕೀಬೋರ್ಡಿನ ಹುಡುಗಿಗೆ ಮಾತ್ರ ‘ಊಟ ಮಾಡಿಯೇ ಹೋಗಬೇಕು’ ಎಂದು ಕೈಮುಗಿಯುತ್ತೇವೆ.

ನಮ್ಮ ಅಭಿಪ್ರಾಯದಲ್ಲಿ ಧರ್ಮಕೇಂದ್ರದ ಪಾಲನಾ ಪರಿಷತ್ತು ವರ್ಷದ ಅಂದಾಜು ಪಟ್ಟಿ ತಯಾರಿಸುವಾಗ ಧ್ವನಿವರ್ಧಕದ ದುರಸ್ತಿ, ಮೇಣದಬತ್ತಿ, ಹೂವುಗಳ ಕೆಳಗೆ ಸಂಗೀತ ಶಿಕ್ಷಣಕ್ಕೂ ಒಂದು ಸಾಲು ಬರೆಯಬೇಕು. ತಿಂಗಳಿಗೆ ಇಷ್ಟು ಎಂದು ಮೊದಲೇ ಮಾತಾಗಬೇಕು, ಅದು ಕಾಗದದ ಮೇಲಿರಬೇಕು, ಹಣ ಆಕೆಯ ಹೆಸರಿನ ಖಾತೆಗೇ ಹೋಗಬೇಕು. ದೈವಾರಾಧನೆಯ ತರಬೇತಿ ಶಿಬಿರಗಳಿಗೆ ಆಕೆಯನ್ನು ಧರ್ಮಕೇಂದ್ರದ ಖರ್ಚಿನಲ್ಲಿ ಕಳುಹಿಸಬೇಕು. ಪಾಠ ನಡೆಯುವ ಕೋಣೆಯ ಬಾಗಿಲು ತೆರೆದಿರಬೇಕು, ತಂದೆತಾಯಿಗೆ ಯಾವಾಗ ಬೇಕಾದರೂ ಬಂದು ಕುಳಿತುಕೊಳ್ಳಲು ಅವಕಾಶವಿರಬೇಕು. ಇದು ಮಕ್ಕಳ ರಕ್ಷಣೆಗೂ ಹೌದು, ಒಬ್ಬಳೇ ಕಲಿಸುವ ಯುವತಿಯ ರಕ್ಷಣೆಗೂ ಹೌದು. ಇನ್ನು ಯಾವುದೋ ವಿದ್ಯಾರ್ಥಿ ಸಿನೆಮಾ ಹಾಡು ಕಲಿಸಿ ಎಂದು ಕೇಳಿದರೆ ಕಲಿಸಲಿ, ಪೂಜೆಯಲ್ಲಿ ನುಡಿಸದಿದ್ದರೆ ಆಯಿತು. ಮಗು ಪಿಯಾನೊದ ಮುಂದೆ ಇನ್ನೊಂದು ಗಂಟೆ ಕೂರುತ್ತದೆ.

ಮನೆಯವರಿಗೂ ಒಂದು ಮಾತು ಹೇಳಬೇಕಿದೆ. ಸಂತ ಸಿಸಿಲಿಯಾ ಅವರ ಕಥೆ ನಮಗೆ ಸಿಗುವುದು 5ನೆಯ ಶತಮಾನದ ಒಂದು ಬರಹದಲ್ಲಿ. ರೋಮಿನ ಕುಲೀನ ಕ್ರೈಸ್ತ ಯುವತಿಯಾಗಿದ್ದ ಅವರು ದೇವರಿಗೆ ಕನ್ಯಾವ್ರತದ ಮಾತು ಕೊಟ್ಟಿದ್ದರು. ಆದರೂ ವಲೇರಿಯನ್ ಎಂಬವರೊಂದಿಗೆ ಮದುವೆ ನಿಶ್ಚಯವಾಯಿತು. ಮದುವೆಯ ದಿನ ಸುತ್ತಲೂ ವಾದ್ಯಗಳು ಮೊಳಗುತ್ತಿದ್ದಾಗ ಅವರು ತಮ್ಮ ಹೃದಯದೊಳಗೆ ದೇವರಿಗೆ ಹಾಡುತ್ತಿದ್ದರಂತೆ. ಈ ಒಂದು ಸಾಲಿನಿಂದಲೇ ಅವರು ಸಂಗೀತದ ಪಾಲಕ ಸಂತರಾದರು, ಚಿತ್ರಕಾರರು ಅವರ ಕೈಗೆ ಆರ್ಗನ್ ಕೊಟ್ಟರು. ಸುತ್ತಲಿನವರು ತಮಗೆ ಬೇಕಾದದ್ದನ್ನು ನುಡಿಸುತ್ತಿದ್ದಾಗ ಆ ಯುವತಿಯ ಮನಸ್ಸಿನಲ್ಲಿ ಏನಿದೆ ಎಂದು ಯಾರೂ ಕೇಳಿರಲಿಲ್ಲ. ಮಗಳು ಎಂಟನೆಯ ಗ್ರೇಡ್ ಮುಗಿಸಿ ಡಿಪ್ಲೊಮಾಕ್ಕೆ ಬೆಂಗಳೂರಿಗೆ ಹೋಗುತ್ತೇನೆ ಎಂದರೆ, ಅಥವಾ ಇದನ್ನೇ ಜೀವನೋಪಾಯ ಮಾಡಿಕೊಳ್ಳುತ್ತೇನೆ ಎಂದರೆ ಕುಳಿತು ಕೇಳಿ. ಲೆಕ್ಕವನ್ನೂ ಕೇಳಿ: ಎಷ್ಟು ವಿದ್ಯಾರ್ಥಿಗಳು, ತಿಂಗಳಿಗೆ ಎಷ್ಟು ಶುಲ್ಕ, ರಜೆಯ ತಿಂಗಳುಗಳಲ್ಲಿ ಏನು ಎಂದು. ಮದುವೆಯ ಮಾತುಕತೆಯಲ್ಲಿ ಈ ವಿಷಯವನ್ನು ಅಲಂಕಾರವಾಗಿ ಅಲ್ಲ, ಉದ್ಯೋಗವಾಗಿ ಹೇಳಿ.

ಮದುವೆಯಾಗಿ ಬೇರೆ ಊರಿಗೆ ಹೋಗುವ ದಿನ ಬಂದೇ ಬರುತ್ತದೆ. ಅಂದು ಗಾಯನ ವೃಂದದವರು ಕಣ್ಣೀರು ಹಾಕಿ ಬೀಳ್ಕೊಡುತ್ತಾರೆ. ಮುಂದಿನ ಆದಿತ್ಯವಾರ ಕೀಬೋರ್ಡಿನ ಮೇಲೆ ಹೊದಿಕೆ ಬಿದ್ದಿರುತ್ತದೆ. ಇದನ್ನು ತಪ್ಪಿಸಲು ಆಕೆ ಇರುವಾಗಲೇ ಕನಿಷ್ಠ ಇಬ್ಬರು ಮಕ್ಕಳು ಪೂಜೆಗೆ ನುಡಿಸುವ ಮಟ್ಟಕ್ಕೆ ಬರಬೇಕು. ಶನಿವಾರ ಸಂಜೆಯ ಪೂಜೆಯನ್ನು ಒಬ್ಬರಿಗೆ, ಮಕ್ಕಳ ಪೂಜೆಯನ್ನು ಇನ್ನೊಬ್ಬರಿಗೆ ಬಿಟ್ಟುಕೊಟ್ಟು, ಆಕೆ ಪಕ್ಕದಲ್ಲಿ ಕುಳಿತಿದ್ದರೆ ಆರು ತಿಂಗಳಲ್ಲಿ ಅವರಿಗೆ ಧೈರ್ಯ ಬರುತ್ತದೆ. ಆ ಇಬ್ಬರಲ್ಲಿ ಒಬ್ಬ ಹುಡುಗನಿದ್ದರೂ ಆಗಬಹುದು.